ಬೆನ್ನು ತೋರಿಸಿದ ಸಿಂಹ

ಆ ಬಾವುಟಕ್ಕೆ ನಾನು ಎರಡು ಸಿಂಹ ಹೊಲಿದೆ. ಸರಿಯಾದದ್ದನ್ನು ಯಾರಿಗೂ ತೋರಿಸದೆ ನನ್ನ ರೂಮಿನ ಮಂಚದ ಕೆಳಗೆ ಇಟ್ಟೆ. ಬೇಕೆಂದೇ ತಪ್ಪು ಮಾಡಿದ್ದನ್ನು ಬಾವುಟಕ್ಕೆ ಕೂರಿಸಿದೆ. ತಪ್ಪು ಸಿಂಹ ಅಬ್ದುಲ್ ರವೂಫನಿಗಾಗಿ.

ರವೂಫ್ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿರುವ ನಮ್ಮ ಕಸೂತಿ ಅಂಗಡಿಯ ಮ್ಯಾನೇಜರ್. ಅಂಗಡಿಯ ಮಾಲೀಕ ಅರಬಿ. ಅವನನ್ನು ನಾವು ಅರ್ಬಾಬ್ ಅನ್ನುತ್ತೇವೆ. ಯಾರ ವೀಸಾ ಇರಬೇಕು, ಯಾರದು ಹೋಗಬೇಕು ಎಂದು ಅರ್ಬಾಬನ ಕಿವಿಗೆ ಹಾಕುವವನು ರವೂಫ್. ನಾನು ಅಲ್ಲಿ ಕಸೂತಿ ಮಾಸ್ಟರ್. ನಾವಿಬ್ಬರೂ ಸುರತ್ಕಲ್ ಕಡೆಯ ಒಂದೇ ಊರಿನವರು, ಒಂದೇ ಮಸೀದಿಯ ಜಮಾಅತ್. ಊರಿನ ಗಲ್ಫ್ ಸಮಿತಿಗೆ ಅವನೇ ಅಧ್ಯಕ್ಷ. ಗಲ್ಫ್‌ನಲ್ಲಿರುವ ಹುಡುಗನಿಗೆ ಹೆಣ್ಣು ಕೊಡುವ ಮೊದಲು ನಮ್ಮವರು ಆ ಸಮಿತಿಯನ್ನು ಕೇಳುತ್ತಾರೆ. ಸಮಿತಿ ಕೆಟ್ಟವನೆಂದರೆ ಮುಗಿಯಿತು, ಆ ಹುಡುಗನ ಮನೆಗೆ ಬ್ರೋಕರ್ ಕೂಡ ಹೋಗುವುದಿಲ್ಲ.

ನನ್ನ ತಮ್ಮ ಅನ್ಸಿಫ್ ಅದೇ ಅಂಗಡಿಯಲ್ಲಿ ಕಟ್ಟರ್ ಆಗಿದ್ದ. ಒಂದು ದಿನ ಮದುವೆ ಬಟ್ಟೆಗೆ ತಂದಿದ್ದ ಅಸಲಿ ಜರಿಯ ರೀಲುಗಳು ಕಾಣೆಯಾದವು. ರವೂಫ್ ಅರ್ಬಾಬನ ಎದುರು ಅನ್ಸಿಫ್‌ನ ಕಡೆ ಬೆರಳು ತೋರಿಸಿದ. ಅಷ್ಟಕ್ಕೆ ನಿಲ್ಲಲಿಲ್ಲ. ಜಮಾಅತ್‌ನ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜ್ ಹಾಕಿದ: 'ಝುಲೈಖರ ಕಿರಿ ಮಗ ಕದ್ದು ಸಿಕ್ಕಿಬಿದ್ದಿದ್ದಾನೆ. ಊರಿನ ಮಾನ ಹೋಯಿತು. ಹೆಣ್ಣು ಕೊಡುವವರು ನೋಡಿಕೊಳ್ಳಿ.' ಅನ್ಸಿಫ್‌ನ ವೀಸಾ ಕ್ಯಾನ್ಸಲ್ ಆಯಿತು. ಅವನಿಗೆ ಹನಾ ಎಂಬ ಹುಡುಗಿಯ ಜೊತೆ ಮದುವೆ ನಿಶ್ಚಯವಾಗಿತ್ತು; ಅವನು ಊರು ಮುಟ್ಟುವ ಮೊದಲೇ ಅವಳ ತಂದೆ ಅದನ್ನು ಮುರಿದಿದ್ದರು. ಝುಲೈಖ ಎಂದರೆ ನಮ್ಮ ಉಮ್ಮ. ಅಂದಿನಿಂದ ಅವರು ಯಾರ ಮನೆಯ ಮದುವೆಗೂ ಹೋಗಲಿಲ್ಲ.

ಮರುವರ್ಷ ಅಲ್ ಐನ್ ಪಟ್ಟಣದಲ್ಲಿ ಕ್ಯಾಮಿಲಸ್ ಸಿಕ್ಕಿದ. ಕಿನ್ನಿಗೋಳಿಯವನು, ರವೂಫನ ಭಾವನ ಟೈಲರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. 'ಆ ರೀಲು ನಮ್ಮ ಅಂಗಡಿಗೇ ಬಂದದ್ದು ಮಾರಾಯಾ. ರವೂಫೇ ಕಾರಿನಲ್ಲಿ ತಂದು ಇಳಿಸಿದ. ಆದರೆ ನನ್ನ ಹೆಸರು ಹೇಳಬೇಡ, ನನಗೂ ಹೆಂಡತಿ ಮಕ್ಕಳಿದ್ದಾರೆ' ಅಂದ.

ನಾನು ಹೋಗಿ ರವೂಫನನ್ನು ಕೇಳಿದೆ. ಅವನು ಹಲ್ಲಿಗೆ ಕಡ್ಡಿ ಹಾಕುತ್ತಾ, 'ಸಾಕ್ಷಿ ಉಂಟಾ? ಇಲ್ಲದಿದ್ದರೆ ಸೂಜಿ ಹಿಡ್ಕೊಂಡು ಕೂತ್ಕೊ' ಎಂದು ನಕ್ಕ. ಆ ಹಲ್ಲನ್ನು ಅಲ್ಲೇ ಉದುರಿಸಬೇಕೆಂದು ಕೈ ತುರಿಸಿತು. ಉದುರಿಸಿದ್ದರೆ ಅವನಿಗೆ ಆಸ್ಪತ್ರೆ, ನನಗೆ ಜೈಲು, ಅನ್ಸಿಫ್ ಕಳ್ಳನಾಗಿಯೇ ಉಳಿಯುತ್ತಿದ್ದ.

ಹೀಗಿರುವಾಗ ಎರಡು ಸಾವಿರದ ಹದಿನೈದರಲ್ಲಿ ಹೌಗೆನ್ ಎಂಬ ಮುದುಕ ಅಂಗಡಿಗೆ ಬಂದರು. ನಾರ್ವೆ ಮೂಲದ ಅಮೆರಿಕನ್, ತೈಲ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. ಅಮೆರಿಕದ ಅಂತರ್ಯುದ್ಧದಲ್ಲಿ ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಿಂದ ವಲಸೆ ಹೋದವರದ್ದೇ ಒಂದು ಕಾಲಾಳು ರೆಜಿಮೆಂಟ್ ಇತ್ತಂತೆ, ವಿಸ್ಕಾನ್ಸಿನ್‌ನ ಹದಿನೈದನೆಯದು. ಅವರ ಮುತ್ತಜ್ಜ ನಿಲ್ಸ್ ಅದರಲ್ಲಿ ಸಿಪಾಯಿ. ಅದರ ಚರಿತ್ರೆಯನ್ನು ಹೌಗೆನ್ ಎಷ್ಟೋ ವರ್ಷಗಳಿಂದ ಕೂಡಿಸುತ್ತಿದ್ದರು. ಊರಿಗೆ ಮರಳುವ ಮೊದಲು ಇಲ್ಲಿನ ತಮ್ಮ ಜನಕ್ಕೆಲ್ಲ ಅದನ್ನು ತೋರಿಸಬೇಕೆಂದು ದೊಡ್ಡ ಹೋಟೆಲಿನಲ್ಲಿ ಒಂದು ಪ್ರದರ್ಶನ ಇಟ್ಟಿದ್ದರು. ಅಲ್ಲಿ ನಿಲ್ಲಿಸಲು ಆ ರೆಜಿಮೆಂಟಿನ ಬಾವುಟದಂಥದ್ದೇ ಒಂದು ಬೇಕಿತ್ತು: ನೀಲಿ ರೇಷ್ಮೆ, ಅಂಚಿಗೆ ಚಿನ್ನದ ಕುಚ್ಚು, ನಡುವೆ ಕೆಂಪು ಗುರಾಣಿಯಲ್ಲಿ ಕೊಡಲಿ ಹಿಡಿದ ಸಿಂಹ.

ಹೌಗೆನ್ ಬಂದು ನನ್ನ ಕಸೂತಿ ಚೌಕಟ್ಟಿನ ಪಕ್ಕ ಸ್ಟೂಲ್ ಎಳೆದುಕೊಂಡು, ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತಾ ಕೂರುತ್ತಿದ್ದರು. ಅವರ ನಿಧಾನದ ಇಂಗ್ಲಿಷ್ ನನಗೆ ಅರ್ಥವಾಗುತ್ತಿತ್ತು.

'ಸಿಂಹದ ಮುಖ ಯಾವಾಗಲೂ ಕೋಲಿನ ಕಡೆಗಿರಬೇಕು, ಮಾಸ್ಟರ್. ಬಾವುಟ ಹಿಡಿದವನು ಮುಂದೆ ನಡೆದರೆ ಕೋಲು ಮುಂದೆ, ಬಟ್ಟೆ ಹಿಂದೆ. ಆಗ ಸಿಂಹವೂ ಮುಂದೆ ನುಗ್ಗುತ್ತದೆ. ಮುಖ ಆಚೆ ತಿರುಗಿದರೆ ಅದು ಯುದ್ಧ ಬಿಟ್ಟು ಓಡುವ ಸಿಂಹ. ನಮ್ಮವರು ಓಡಲಿಲ್ಲ.'

'ಗೆದ್ದರಾ?'

'ಚಿಕಮಾಗಾದ ಕಾಡಿನಲ್ಲಿ ಬಿದ್ದರು. ಎದುರಿನಿಂದ ಶತ್ರು ಹೊಡೆಯುತ್ತಿದ್ದ. ಅದೇ ಹೊತ್ತಿಗೆ ಹಿಂದಿನಿಂದಲೂ ಗುಂಡು ಬಂತು. ಹಿಂದೆ ಇದ್ದದ್ದು ನಮ್ಮದೇ ಪಕ್ಷದ ಇನ್ನೊಂದು ರೆಜಿಮೆಂಟ್.'

ನನ್ನ ಸೂಜಿ ನಿಂತಿತು. 'ನಮ್ಮವರೇ?'

'ನಮ್ಮವರೇ. ಹೊಗೆಯಲ್ಲಿ ಗೊತ್ತಾಗಲಿಲ್ಲ ಅಂದರು. ಸೆರೆ ಸಿಕ್ಕವರಲ್ಲಿ ಬಹಳ ಜನ ಶತ್ರುವಿನ ಜೈಲಿನಲ್ಲಿ ಹಸಿವಿಗೆ, ಕಾಯಿಲೆಗೆ ಸತ್ತರು. ನಿಲ್ಸ್‌ನ ಪಕ್ಕದಲ್ಲಿದ್ದ ಅವನ ತಮ್ಮ ಬೆನ್ನಿಗೆ ಗುಂಡು ಬಿದ್ದು ಅಲ್ಲೇ ಸತ್ತ.'

ಯುದ್ಧ ಮುಗಿದ ಮೇಲೆ ನಿಲ್ಸ್ ಬೇಸಾಯಕ್ಕೆ ನಿಂತನಂತೆ. ಹಿಂದಿನಿಂದ ಗುಂಡು ಹಾರಿಸಿದ ರೆಜಿಮೆಂಟಿನವನೊಬ್ಬ ಪಕ್ಕದ ಊರಿನಲ್ಲೇ ಜಮೀನು ಮಾಡಿ ಕೂತಿದ್ದ. ಅವನು ಹೋದಲ್ಲೆಲ್ಲ ಹೇಳುತ್ತಿದ್ದ: 'ಆ ನಾರ್ವೆಯವರು ಹೆದರಿ ಓಡಿದರು, ಅದಕ್ಕೇ ಬೆನ್ನಿಗೆ ಬಿತ್ತು.' ನಿಲ್ಸ್ ಪ್ರತಿ ಭಾನುವಾರ ಇಗರ್ಜಿಯಿಂದ ನೇರ ಅವನ ಗೇಟಿಗೆ ಹೋಗಿ ನಿಲ್ಲುತ್ತಿದ್ದನಂತೆ. ಬೈಯಲಿಲ್ಲ, ಕಲ್ಲು ಹೊಡೆಯಲಿಲ್ಲ. ಹಿಮ ಬಿದ್ದರೂ ನಿಂತ. ಅವನು ನಾಯಿ ಬಿಟ್ಟ, ನಿಲ್ಸ್ ನಿಂತ. ಕೊನೆಗೆ ಒಂದು ಭಾನುವಾರ ಅವನು ಹೆಂಡತಿ ಮಕ್ಕಳ ಎದುರಲ್ಲೇ ಹೊರಗೆ ಬಂದು, 'ನಾವೇ ಹೊಡೆದದ್ದು, ನೀವು ಓಡಿರಲಿಲ್ಲ' ಅಂದ.

'ಆಮೇಲೆ ಕ್ಷಮಿಸಿದನಾ?' ಎಂದು ಕೇಳಿದೆ.

'ಕ್ಷಮಿಸಲು ಹೋಗಿದ್ದಲ್ಲ. ಆ ಮಾತು ತರಲು ಹೋಗಿದ್ದು. ಸಿಕ್ಕಿತು, ಮನೆಗೆ ಬಂದ.'

ಅವರು ಹೋದ ಮೇಲೆ ನಾನು ತೀರ್ಮಾನ ಮಾಡಿದೆ. ರವೂಫನ ಹಲ್ಲು ನನಗೆ ಬೇಡ. ಆ ಬಾಯಿ ಬೇಕು. ಯಾವ ಗುಂಪಿನಲ್ಲಿ ಕಳ್ಳ ಅಂದನೋ ಅದೇ ಗುಂಪಿನಲ್ಲಿ, ಅದೇ ಬಾಯಲ್ಲಿ ಸತ್ಯ ಬರಬೇಕು.

ದಾರಿಯನ್ನು ರವೂಫನೇ ಮಾಡಿಕೊಟ್ಟ. ದೊಡ್ಡ ದೊಡ್ಡ ಬಿಳಿಯರು ಬರುತ್ತಾರೆ ಎಂದು ತಿಳಿದು, ಅರ್ಬಾಬನನ್ನು ಆ ಕಾರ್ಯಕ್ರಮಕ್ಕೆ ಹೊರಡಿಸಿದ್ದ. ಬಾವುಟದ ಕೆಲಸವೆಲ್ಲ ತನ್ನ ಕೈಯದೇ ಎಂದು ಹೇಳಿದ್ದ. ವೇದಿಕೆಯಲ್ಲಿ ಬಾವುಟ ಬಿಚ್ಚಿ ಕೊಡುವವನೂ ಅವನೇ. ಹೊಸ ಸೂಟು ಬಂದಿತ್ತು.

ಗುರುವಾರ ಬೆಳಿಗ್ಗೆ ಬಾವುಟವನ್ನು ಮೇಜಿನ ಮೇಲೆ ಹರಡಿದೆ. ಸಂಜೆಗೆ ಕಾರ್ಯಕ್ರಮ.

'ಮಾಶಾ ಅಲ್ಲಾ! ಅಬೂಬಕ್ಕರ್, ನಿನ್ನ ಬಾಯಿ ಕೆಟ್ಟದಾದರೂ ಕೈ ಚೆನ್ನಾಗಿದೆ ನೋಡು' ಎಂದ ರವೂಫ್.

'ಸಿಂಹದ ಮುಖ ಎಲ್ಲಿಗೆ ಉಂಟು ನೋಡಿದ್ಯಾ?'

'ಎಲ್ಲಿಗೆ ಇದ್ದರೆ ಎಂತ, ಸಿಂಹ ಅಲ್ವಾ?'

ಹೌಗೆನ್ ಕೊಟ್ಟಿದ್ದ ಚಿತ್ರವನ್ನು ಪಕ್ಕಕ್ಕಿಟ್ಟು, ಅವರು ಹೇಳಿದ್ದನ್ನೇ ಹೇಳಿದೆ. ಅವನ ಮುಖದ ಬಣ್ಣ ಹೋಯಿತು.

'ಓಡುವ ಸಿಂಹ. ಮುದುಕರ ಮುತ್ತಜ್ಜ ಹೇಡಿ ಅಂತ ಸಭೆಯಲ್ಲಿ ಬಾವುಟ ಬಿಚ್ಚಿ ತೋರಿಸುವವನು ನೀನು. ಪಕ್ಕದಲ್ಲಿ ಅರ್ಬಾಬ್' ಎಂದೆ.

'ಯಾ ಅಲ್ಲಾ... ಬಿಚ್ಚು, ಬಿಚ್ಚಿ ಸರಿ ಮಾಡು! ಬೇಗ, ಯಲ್ಲಾ!'

'ಹೊಸ ಸಿಂಹ ಹೊಲಿಯಲಿಕ್ಕೆ ವಾರ ಬೇಕು. ಹೊಲಿದದ್ದೊಂದು ಉಂಟು, ನನ್ನ ಹತ್ತಿರ. ಗುರಾಣಿ ಬಿಚ್ಚಿ ಅದನ್ನು ಕೂರಿಸಿದರೆ ಮಧ್ಯಾಹ್ನದ ಒಳಗೆ ಮುಗೀತದೆ.'

'ತಾ ಮತ್ತೆ!'

'ತರ್ತೇನೆ. ಮೊದಲು ಫೋನ್ ತೆಗಿ. ಜಮಾಅತ್ ಗುಂಪಿಗೆ ವಾಯ್ಸ್ ಹಾಕು. ಜರಿ ಯಾರು ತೆಗೆದದ್ದು, ಎಲ್ಲಿಗೆ ಹೋದದ್ದು, ಹೇಳು.'

ಅವನು ಬಾಗಿಲ ಕಡೆ ನೋಡಿದ. ಒಳಗಿನ ಟೈಲರ್‌ಗಳು ಮೆಷಿನ್ ನಿಲ್ಲಿಸಿದ್ದರು.

'ರವೂಫಾಕ ಅಂತ ಅಣ್ಣನ ಹಾಗೆ ಕರೀತಿದ್ದೆ, ಈಗ ಏಕವಚನವಾ? ನಿನ್ನ ವೀಸಾ ಇವತ್ತೇ ಖಲಾಸ್ ಮಾಡ್ತೇನೆ.'

'ಮಾಡು. ಸಂಜೆಗೆ ಸಿಂಹವನ್ನು ನೀನೇ ತಿರುಗಿಸಿಕೊ.'

'ಆ ಮುದುಕನ ಮುಖ ನೋಡು ಮಾರಾಯ. ನಿನ್ನ ಪಕ್ಕ ಕೂತು ಚಹಾ ಕುಡಿದಿದ್ದಾನೆ. ಅವನು ನಿನಗೆಂತ ಮಾಡಿದ?'

ಆ ಮಾತು ನನಗೆ ತಾಗಿತು. ಹೌಗೆನ್ ಬಾವುಟ ನೋಡಿ ಕುಸಿಯುವುದು ಕಣ್ಣ ಮುಂದೆ ಬಂತು. ಆದರೂ ಮುಖ ಬದಲಿಸಲಿಲ್ಲ. 'ಅನ್ಸಿಫ್ ನಿನಗೆಂತ ಮಾಡಿದ್ದ?' ಎಂದೆ.

ಹೊರಗೆ ಅರ್ಬಾಬನ ಡ್ರೈವರ್ ಹಾರ್ನ್ ಹಾಕಿದ, ಸೂಟ್ ಇಸ್ತ್ರಿಯಾಗಿ ಬಂದಿತ್ತು. ರವೂಫ್ ಅದನ್ನು ಇಸಿದುಕೊಂಡು ಕುರ್ಚಿಗೆ ನೇತುಹಾಕಿದ. ಅದನ್ನೇ ನೋಡುತ್ತಾ ಫೋನ್ ತೆಗೆದ.

'ಅಸ್ಸಲಾಮು ಅಲೈಕುಂ. ಅನ್ಸಿಫ್ ವಿಷಯದಲ್ಲಿ ಸ್ವಲ್ಪ ತಪ್ಪು ತಿಳುವಳಿಕೆ ಆಗಿತ್ತು...'

'ಅಳಿಸು. ತಿಳುವಳಿಕೆ ಅಂತೆ! ಯಾರು ತೆಗೆದದ್ದು?'

ಎರಡನೇ ಸಲ, 'ಜರಿ ಹೇಗೋ ಅಲ್ ಐನ್‌ಗೆ ಹೋಗಿತ್ತು' ಅಂದ.

'ಜರಿಗೆ ಕಾಲು ಉಂಟಾ?'

ಕಟ್ಟಿಂಗ್ ಮೇಜಿನ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅವನನ್ನು ಮುರಿಯಿತು ಎಂದು ಕಾಣುತ್ತದೆ. ಮೂರನೆಯ ಸಲ ಅವನ ದನಿ ಬೇರೆಯೇ ಆಗಿತ್ತು. 'ಜರಿ ತೆಗೆದವನು ನಾನು. ನನ್ನ ಭಾವನ ಅಂಗಡಿಗೆ ಕೊಟ್ಟೆ. ಝುಲೈಖರ ಮಗ ಅನ್ಸಿಫ್ ಕದ್ದಿಲ್ಲ. ಅವನ ಮೇಲೆ ನಾನು ಹೇಳಿದ್ದು ಸುಳ್ಳು.' ಅಷ್ಟೂ ಬ್ಯಾರಿ ಭಾಷೆಯಲ್ಲಿ, ಊರಿನ ಮುದುಕರಿಗೂ ತಿಳಿಯುವಂತೆ. ಅವನು ಬೆರಳು ಒತ್ತಿದ, ಮೆಸೇಜ್ ಹೋಯಿತು.

ನಾನು ರೂಮಿನಿಂದ ಸಿಂಹ ತಂದೆ. ಗುರಾಣಿಯ ಹೊಲಿಗೆ ಬಿಚ್ಚಲು ರೇಷ್ಮೆಯನ್ನು ಎಳೆದು ಹಿಡಿಯುವವರು ಬೇಕು. ಟೈಲರ್ ಒಬ್ಬ ಎದ್ದು ಬಂದ. ನಾನು ಅವನನ್ನು ಕೂರಿಸಿದೆ. 'ರವೂಫ್ ಹಿಡೀತಾನೆ' ಎಂದೆ. ಅವನು ಹಿಡಿದ. ನಾನು ಹೊಲಿದು ಮುಗಿಸುವವರೆಗೂ ಎದುರು ಕೂತು, ಎಳೆ ಎಂದರೆ ಎಳೆದು, ಬಿಡು ಎಂದರೆ ಬಿಟ್ಟ. ಮೇಜಿನ ಮೇಲಿದ್ದ ಅವನ ಫೋನ್ ಮತ್ತೆ ಮತ್ತೆ ಗುರುಗುಟ್ಟುತ್ತಿತ್ತು. ನೋಡಲು ಕೈ ಖಾಲಿ ಇರಲಿಲ್ಲ.

ಸಂಜೆ ಸಿಂಹ ಕೋಲಿನ ಕಡೆ ಮುಖ ಮಾಡಿ ನಿಂತಿತು. ಹೌಗೆನ್ ಅದರ ಕೊಡಲಿಯನ್ನು ಬೆರಳಿನಿಂದ ಸವರಿ ಕಣ್ಣೊರೆಸಿಕೊಂಡರು. ರವೂಫ್ ಸೂಟ್ ಹಾಕಿ ಅರ್ಬಾಬನ ಪಕ್ಕ ಫೋಟೋಕ್ಕೆ ನಿಂತ. ನಾನು ಹಿಂದಿನ ಸಾಲಿನಲ್ಲಿ ನಿಂತು ನೋಡಿದೆ. ಆ ಕಟುಕನಿಗೆ ಕ್ಯಾಮರಾ ಕಂಡಾಗ ಹಲ್ಲು ಬಿಡಲು ಇನ್ನೂ ಬರುತ್ತಿತ್ತು. ಇಷ್ಟಕ್ಕೇ ಬಿಟ್ಟೆನಲ್ಲ ಎಂದು ಹೊಟ್ಟೆ ಉರಿಯಿತು.

ಶುಕ್ರವಾರ ಜುಮಾ ನಮಾಜಿನ ನಂತರ ಅನ್ಸಿಫ್‌ನ ಫೋನ್ ಬಂತು. ಅಣ್ಣನಾದ ನನ್ನನ್ನು ಅವನು ಕಾಕಾ ಅನ್ನುವುದು.

'ಕಾಕಾ, ಗುಂಪಿನಿಂದ ರವೂಫಾಕನನ್ನು ತೆಗೆದುಹಾಕಿದ್ದಾರೆ. ಹನಾಳ ಬಾಪ ಬಂದು ಜಗಲಿಯಲ್ಲಿ ಕೂತು ಹೋದರು. ಅವಳಿಗೆ ಮದುವೆ ಆಗಿದೆಯಲ್ಲ, ನಾನೆಂತ ಹೇಳಲಿ.'

'ಉಮ್ಮ ಎಲ್ಲಿ?'

'ಅದನ್ನೇ ಹೇಳ್ಲಿಕ್ಕೆ ಮಾಡಿದ್ದು. ಉಮ್ಮ ನನ್ನ ಹಳೆ ಫೋನ್ ಹಿಡ್ಕೊಂಡು ಗೇಟಿನ ಹತ್ರ ಕುರ್ಚಿ ಹಾಕಿ ಕೂತಿದ್ದಾರೆ. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಆ ವಾಯ್ಸ್ ಕೇಳಿಸ್ತಾರೆ. ಮೀನಿನವನಿಗೆ ಕೇಳಿಸಿದ್ರು, ಅಂಬುಜಮ್ಮ ಟೀಚರಿಗೆ ಎರಡು ಸಲ ಕೇಳಿಸಿದ್ರು. ಈಗ ರವೂಫಾಕನ ಹೆಂಡತಿ ಆಚೆಯಿಂದ ಬರ್ತಾ ಇದ್ದಾರೆ. ನನಗೇ ಒಂಥರಾ ಆಗ್ತಾ ಉಂಟು. ಸಾಕು ಅಂತ ಹೇಳ್ಲಾ ಕಾಕಾ?'

ಫೋನಿನಲ್ಲಿ ದೂರದಿಂದ ರವೂಫನ ದನಿ ಕೇಳುತ್ತಿತ್ತು: ಜರಿ ತೆಗೆದವನು ನಾನು.

'ಬೇಡ, ವಾಲ್ಯೂಮ್ ಪೂರ್ತಿ ಉಂಟಾ ನೋಡು' ಎಂದೆ.