ತೂಬಿನ ಹತ್ತಿರದ ಸೈಕಲ್ಲು

ಕಂಪ್ಲಿಯ ಡ್ರಿಲ್ ಮಾಸ್ತರ ಕೊಟ್ರಯ್ಯನಿಗೆ ಒಂದು ಚಟವಿತ್ತು. ಬೀಡಿ, ಇಸ್ಪೀಟಿನ ಚಟವಲ್ಲ. ಯಾರ ಎದುರು ಯಾರನ್ನು ನಿಲ್ಲಿಸಿದರೆ ಯಾರು ಸೋಲುತ್ತಾರೆ ಎಂದು ಅಳೆಯುವ ಚಟ. ಸಂತೆಯಲ್ಲಿ ಇಬ್ಬರು ಜಗಳಕ್ಕೆ ನಿಂತರೂ ಸಾಕು, ಚಹಾದಂಗಡಿಯ ಬೆಂಚಿನ ಮೇಲೆ ಕೂತೇ ತೀರ್ಪು ಹೇಳಿಬಿಡುತ್ತಿದ್ದ. ಬಹಳ ಸಲ ಅದು ನಿಜವಾಗುತ್ತಿತ್ತು. ನಿಜವಾದದ್ದೇ ಕೆಟ್ಟದ್ದಾಯಿತು. ಮನುಷ್ಯನಿಗೆ ತನ್ನ ಕಣ್ಣಿನ ಮೇಲೆ ಅಷ್ಟು ನಂಬಿಕೆ ಬರಬಾರದು.

ಅವನು ಕಟ್ಟಿದ ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗರೆಲ್ಲ ಅವನ ಹತ್ತಿರವೇ ಕಲಿತು ಶಾಲೆ ಬಿಟ್ಟವರು, ಕಾಲುವೆಯ ಅನ್ನ ಉಂಡು ಬೆಳೆದ ರೈತರ ಮಕ್ಕಳು. ಹೇಳಿಕೊಳ್ಳುವುದಕ್ಕೆ ಹನ್ನೆರಡು ಜನ. ಆದರೆ ಪಂದ್ಯದ ದಿನ ಎಷ್ಟು ಮಂದಿ ಬರುತ್ತಾರೆ ಎಂಬುದು ಮಾಸ್ತರನ ಕೈಯಲ್ಲಿರಲಿಲ್ಲ, ನೀರಿನ ಪಾಳಿಯ ಕೈಯಲ್ಲಿತ್ತು. ಬೇಸಿಗೆ ಬೆಳೆಗೆ ಕಾಲುವೆಯಲ್ಲಿ ನೀರು ಕಡಿಮೆ. ಒಬ್ಬೊಬ್ಬರ ಗದ್ದೆಗೆ ಒಂದೊಂದು ಹೊತ್ತು. ಪಾಳಿ ಬಂದವನು ತೂಬಿನ ಬಾಯಲ್ಲಿ ನಿಂತು ಕಾಯದಿದ್ದರೆ ಮೇಲಿನ ಗದ್ದೆಯವನು ನೀರು ತಿರುಗಿಸಿಕೊಂಡು ಸುಮ್ಮನಾಗುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ಹಿರಿಯರು. ಕೊಟ್ರಯ್ಯನ ಹಾಸಿಗೆ ವಾರಕ್ಕೊಂದು ಅಳತೆಗೆ ಕುಗ್ಗುತ್ತಿತ್ತು.

ಎದುರಾಳಿಗಳಿಗೆ ಆ ಚಿಂತೆಯಿಲ್ಲ. ಸಂಡೂರಿನ ಗಣಿ ಕಂಪನಿಯೊಂದರ ತಂಡ ಅದು. ಒಬ್ಬ ದಣಿದರೆ ಬೆಂಚಿನಿಂದ ಇನ್ನೊಬ್ಬ ಏಳುತ್ತಿದ್ದ, ಅವನೂ ಅಷ್ಟೇ ಗಟ್ಟಿಗ. ಅವರಲ್ಲಿ ಸೆಲ್ವರಾಜ ಎಂಬ ಉದ್ದನೆಯ ಆಳೊಬ್ಬನಿದ್ದ. ರಿಂಗಿನ ಕೆಳಗೆ ಚೆಂಡು ಅವನ ಕೈಗೆ ಬಿತ್ತೆಂದರೆ ಮುಗಿಯಿತು. ಹೊಸಪೇಟೆಯ ಫೈನಲ್ಲಿನಲ್ಲಿ ಮೂರು ವರ್ಷ ಮೇಲಿಂದ ಮೇಲೆ ಕಂಪ್ಲಿಯವರು ಅವನಿಗೇ ಸೋತಿದ್ದರು, ಅದೂ ಕೊನೆಕೊನೆಗೆ, ಕಾಲು ಸೋತು.

ಅವನನ್ನು ತಡೆಯುವವರು ಯಾರು ಎಂದು ಕೊಟ್ರಯ್ಯ ಅಳೆದು ಸುರಿದು ನೋಡಿದ್ದ. ಉಜ್ಜಿನಪ್ಪ ಚುರುಕು, ಆದರೆ ಎದುರಿನವನು ಚೆಂಡು ಎಸೆದಂತೆ ನಟಿಸಿದರೂ ಹಾರಿಬಿಡುತ್ತಾನೆ. ಚನ್ನಯ್ಯ ಗಟ್ಟಿ, ಆದರೆ ಅರ್ಧ ಆಟದೊಳಗೇ ಫೌಲಾಗಿ ಹೊರಗೆ ಕೂರುತ್ತಾನೆ. ಉಳಿದವನು ತಾಯಪ್ಪ. ಅವನು ಚೆಂಡನ್ನು ನೋಡುತ್ತಲೇ ಇರಲಿಲ್ಲ, ಎದುರಿನವನ ಸೊಂಟ ನೋಡುತ್ತಿದ್ದ. ಕೈ ಸುಳ್ಳು ಹೇಳಬಹುದು, ಸೊಂಟ ಹೇಳುವುದಿಲ್ಲ. ಈ ಸಲ ಫೈನಲ್ಲಿನ ಕಪ್ಪು ಬಂದರೆ ತಾಯಪ್ಪನಿಂದಲೇ ಬರಬೇಕು.

ಫೈನಲ್ಲಿನ ಭಾನುವಾರ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ತಾಯಪ್ಪನ ಮನೆಯ ಪಾಳಿ ಬಂತು.

ಶನಿವಾರ ಸಂಜೆ ಕೊಟ್ರಯ್ಯ ಅವರ ಗದ್ದೆಗೇ ಹೋದ. ಕಾಲುವೆಯ ತುದಿಯ ಗದ್ದೆ. ಭತ್ತ ಹೊಡೆಗೆ ಬಂದಿತ್ತು, ಇನ್ನೇನು ತೆನೆ ಹೊರಡುವ ಹೊತ್ತು. ಈ ಪಾಳಿ ತಪ್ಪಿದರೆ ಜೊಳ್ಳು. ತಾಯಪ್ಪನ ಅಪ್ಪ ಭರಮಣ್ಣ ಬದುವಿನ ಮೇಲೆ ಕೂತಿದ್ದ.

"ನೀರು ಬಿಟ್ಕಳಾಕ ನಾನಾ ಸಾಕ್ರಿ, ಮಾಸ್ತರ," ಅಂದ ಮುದುಕ. "ಆದ್ರ ಮ್ಯಾಲಿನ ಗದ್ದಿ ಓಬಳೇಶಂದು. ಅವನ ಎದುರು ನಾನು ನಿಂದ್ರಾಕ ಆಗಲ್ರಿ. ನಮ್ಮ ಹುಡುಗ ಅದಾನಂದ್ರ ಅವ ತೂಬಿಗೆ ಕೈ ಹಚ್ಚಂಗಿಲ್ಲ."

ತಾಯಪ್ಪ ತಲೆ ತಗ್ಗಿಸಿ ನಿಂತಿದ್ದ. ಆಡುವ ಆಸೆ ಅವನ ಮುಖದ ಮೇಲೆಯೇ ಇತ್ತು. ಮುದುಕ ಅದನ್ನು ನೋಡಿದ, ನೋಡಿ ಸೋತ.

"ಆಗ್ಲಿ, ಕರ್ಕೊಂಡು ಹೋಗ್ರಿ. ಇವನ ಸೈಕಲ್ ತೂಬಿನ ಹತ್ರ ನಿಂದ್ರಸ್ತೀನಿ. ಸೈಕಲ್ ಕಂಡ್ರ ಹುಡುಗ ಇಲ್ಲೇ ಎಲ್ಲೋ ಅದಾನ ಅಂತ ತಿಳ್ಕಂತಾರ. ಒಂದಾ ಮಾತು, ಮಾಸ್ತರ. ಇವ ಊರಾಗ ಇಲ್ಲಂತ ಯಾರಿಗೂ ಹೇಳಬ್ಯಾಡ್ರಿ."

"ಆತು, ಭರಮಣ್ಣ," ಅಂದ ಕೊಟ್ರಯ್ಯ.

ಆದರೆ ಏರಿಯ ಮೇಲೆ ನಡೆಯುತ್ತ ಅವನಿಗೆ ಸಮಾಧಾನವಾಗಲಿಲ್ಲ. ಸೈಕಲ್ಲು ಗದ್ದೆ ಕಾಯುತ್ತದೆಯೇ? ಓಬಳೇಶ ತನ್ನ ಕೈಯಲ್ಲೇ ಕಲಿತ ಹುಡುಗ, ತನ್ನ ಬೆತ್ತದ ರುಚಿ ಕಂಡವನು. ಇವತ್ತಿಗೂ ಎದುರು ಸಿಕ್ಕರೆ ಬೀಡಿ ಬಿಸಾಡಿ ನಿಲ್ಲುತ್ತಾನೆ. ಮುದುಕನಿಗೆ ಹೆದರಿಕೆ; ಗುರುವಿನ ಮಾತಿಗೆ ಎಷ್ಟು ಬೆಲೆಯಿದೆ ಎಂದು ಅವನಿಗೇನು ಗೊತ್ತು ಅಂದುಕೊಂಡ. ಹೀಗಂದುಕೊಂಡು ಸೀದಾ ಓಬಳೇಶನ ಮನೆಗೆ ಹೋದ.

"ನಾಳೆ ತಾಯಪ್ಪನ ಪಾಳಿಗೆ ಕೈ ಹಾಕಬ್ಯಾಡಲೇ," ಅಂದ.

ಓಬಳೇಶ ಎದ್ದು ನಿಂತು ಕೈ ಕಟ್ಟಿಕೊಂಡ. "ನೀವು ಹೇಳಿದ ಮ್ಯಾಲೆ ಮುಗೀತ್ರಿ, ಸಾರ. ಹಂಗಾರ ತಾಯಪ್ಪ ನಾಳೆ ಗದ್ದಿಗೆ ಬರಂಗಿಲ್ಲೇನ್ರಿ?"

"ಎಲ್ಲಿ ಬರ್ತಾನ, ಹೊಸಪೇಟ್ಯಾಗ ಇರ್ತಾನ. ಮುದುಕ ಒಬ್ಬನಾ. ನೀನಾ ಸ್ವಲ್ಪ ನೋಡಿಕ್ಯಾ."

ಎದುರಿನ ತಂಡಕ್ಕೆ ತನ್ನ ಆಟಗಾರರ ಹೆಸರನ್ನು ಸೀಟಿ ಊದುವವರೆಗೂ ಬಿಟ್ಟುಕೊಡದ ಮನುಷ್ಯ ಅವನು. ಅವತ್ತು ಕಳ್ಳನ ಕೈಗೆ ಬೀಗದ ಕೈ ಕೊಟ್ಟು, ಹಗುರಾಗಿ ಮನೆಗೆ ಬಂದು, ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಭಾನುವಾರ ಹೊಸಪೇಟೆಗೆ ಬಂದವರು ಏಳೇ ಜನ. ಮೊದಲರ್ಧದಲ್ಲೇ ಇಬ್ಬರು ಏದುಸಿರು ಬಿಡುತ್ತಿದ್ದರು. ಆದರೆ ತಾಯಪ್ಪ ಸೆಲ್ವರಾಜನಿಗೆ ಅಂಟಿಕೊಂಡವನು ಬಿಡಲಿಲ್ಲ. ಅವನು ತಿರುಗುವ ಮೊದಲೇ ಇವನು ಅಲ್ಲಿರುತ್ತಿದ್ದ. ಎರಡನೇ ಅರ್ಧ ಮುಗಿಯುತ್ತ ಬಂದಾಗ ಸೆಲ್ವರಾಜ ಸಿಟ್ಟಿಗೆದ್ದು ನೂಕಿದ, ಫೌಲಾಗಿ ಹೊರಗೆ ಹೋದ. ಉಜ್ಜಿನಪ್ಪ ಹಾಕಿದ ಕೊನೆಯ ಚೆಂಡು ರಿಂಗಿನ ಮೇಲೆ ಕುಣಿದು ಒಳಗೆ ಬಿತ್ತು. ಕೊಟ್ರಯ್ಯ ತಾಯಪ್ಪನನ್ನು ಎತ್ತಿಕೊಂಡೇ ಬಿಟ್ಟ. ಅಷ್ಟು ಸಂತೋಷ ಅವನು ತನ್ನ ಮದುವೆಯಲ್ಲೂ ಪಟ್ಟಿರಲಿಲ್ಲ.

ಬಸ್ಸು ಕಂಪ್ಲಿಗೆ ಬಂದಾಗ ಆಗಷ್ಟೇ ದೀಪ ಹಚ್ಚಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ನೀರುಗಂಟಿ ಮೂಕಣ್ಣ ನಿಂತಿದ್ದ. ತೂಬು ತೆರೆದು ಮುಚ್ಚುವವನಿಗೆ ಈ ಹೊತ್ತಿನಲ್ಲಿ ಇಲ್ಲೇನು ಕೆಲಸ ಎಂದು ಕೊಟ್ರಯ್ಯ ಯೋಚಿಸುವಷ್ಟರಲ್ಲಿ ಅವನು ತಾಯಪ್ಪನ ಕೈ ಹಿಡಿದುಕೊಂಡ.

"ದವಾಖಾನಿಗೆ ನಡಿಯಪ. ನಿಮ್ಮಪ್ಪನ್ನ ಅಲ್ಲಿಗೆ ಒಯ್ದೀವಿ." ಹಿಡಿದ ಕೈ ಬಿಡದೆ ಹೇಳಿದ, "ಒಯ್ಯಬೇಕಾದ್ರ ಉಸುರು ಇರಲಿಲ್ಲ."

ಓಬಳೇಶ ನೀರು ತಿರುಗಿಸಲು ಬಂದಿದ್ದ. ಮುದುಕ ತೂಬಿಗೆ ಅಡ್ಡ ಕೂತ. ಎಳೆದಾಡುವಾಗ ಸಲಿಕೆಯ ಏಟು ತಲೆಗೆ ಬಿತ್ತು. ಈಗ ಓಬಳೇಶ ಪೊಲೀಸ್ ಠಾಣೆಯಲ್ಲಿ ಕೂತು, ಹೊಡೆಯಬೇಕೆಂದು ಹೊಡೆಯಲಿಲ್ಲ ಎಂದು ಅಳುತ್ತಿದ್ದಾನಂತೆ.

ತಾಯಪ್ಪ ಕೇಳಿದ, "ನನ್ನ ಸೈಕಲ್ ತೂಬಿನ ಹತ್ರ ಇರಲಿಲ್ಲನು?"

"ಇತ್ತಪ. ಇನ್ನೂ ಅಲ್ಲೇ ಐತಿ."

"ಮತ್ತ ನಾನಿಲ್ಲಂತ ಅವಗ ಹೆಂಗ ಗೊತ್ತಾತು?"

ಮೂಕಣ್ಣನಿಗೆ ಗೊತ್ತಿರಲಿಲ್ಲ. ಕೊಟ್ರಯ್ಯ ಸುಮ್ಮನಿದ್ದಿದ್ದರೆ ಆ ರಾತ್ರಿಯ ಮಟ್ಟಿಗಾದರೂ ಗುಟ್ಟು ಉಳಿಯುತ್ತಿತ್ತು. ಆದರೆ ಬಾಯಿ ತಾನಾಗಿಯೇ ತೆರೆಯಿತು.

"ನಾನಾ ಹೇಳಿದೆ, ತಾಯಪ್ಪ. ನಿನ್ನೆ ಓಬಳೇಶನ ಮನಿಗೆ ಹೋಗಿದ್ದೆ. ನನ್ನ ಮಾತು ಮೀರಂಗಿಲ್ಲ ಅಂದ್ಕಂಡೆ."

ತಾಯಪ್ಪ ಅವನನ್ನು ಬೈಯಲಿಲ್ಲ. ಶಾಲೆಯಲ್ಲಿ ಮಾತಾಡುತ್ತಿದ್ದಷ್ಟೇ ಮರ್ಯಾದೆಯಿಂದ, ಅಷ್ಟೇ ಮೆಲ್ಲಗೆ ಅಂದ:

"ನಮ್ಮಪ್ಪ ಹೇಳಬ್ಯಾಡ್ರಿ ಅಂದಿದ್ನಲ್ರಿ, ಸಾರ."

ಹೇಳಿ, ಮೂಕಣ್ಣನ ಜೊತೆ ದವಾಖಾನೆಯ ಕಡೆ ನಡೆದ. ಗೆದ್ದ ಕಪ್ಪು ಕೊಟ್ರಯ್ಯನ ಕೈಯಲ್ಲೇ ಇತ್ತು.