ಒಂದನೇ ಜನವರಿಯ ಫೋಟೋಗಳು

ಕಾರ್ಖಾನೆಯ ಕ್ಯಾಮೆರಾಕ್ಕೆ ಬ್ಯಾಟರಿ ಕೊಳ್ಳಲು ಹೋದ ದಿನ ಭಾವನೂ ಜೊತೆಗಿದ್ದರು. ಅಕ್ಕನ ಮಿಕ್ಸಿ ರಿಪೇರಿಗೆ ಕೊಟ್ಟಿದ್ದು ಅದೇ ಬೀದಿಯಲ್ಲಿ. ಅದನ್ನು ಎಳೆಮಗುವಿನ ಹಾಗೆ ಎದೆಗಪ್ಪಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತಿದ್ದರು.

ಅಂಗಡಿಯವನು ಗಾಜಿನ ಮೇಲೆ ಎರಡು ಬ್ಯಾಟರಿ ಇಟ್ಟ. ಒಂದರ ಮೇಲೆ ಕ್ಯಾಮೆರಾ ಕಂಪನಿಯ ಹೆಸರು. ಇನ್ನೊಂದರ ಮೇಲೆ ಮಿಂಚಿನ ಚಿತ್ರ, ಅದರ ಕೆಳಗೆ ಯಾರೂ ಕೇಳಿರದ ಒಂದು ಹೆಸರು.

"ಎರಡೂ ಒಂದೇ ಸಾರ್. ತಾಯಿ ಒಬ್ಬಳೇ, ತಂದೆ ಬೇರೆ."

"ಹಾಗಾದ್ರೆ ಮನೆತನ ವಿಚಾರಿಸಬೇಕಲ್ಲಪ್ಪ," ಎಂದೆ.

"ಮನೆತನ ಬಿಡಿ ಸಾರ್. ಎರಡು ತಗೊಂಡ್ರೆ ಚಾರ್ಜರ್ ಫ್ರೀ."

ಭಾವ ಬಾಗಿಲಿಂದಲೇ ಅಂದರು: "ಲೋ, ಕಂಪನೀದೇ ತಗೋ. ದುಡ್ಡೇನು ನಿಂದಾ? ಅಗ್ಗ ಅಂತ ಮುಗ್ಗಲು ಅಕ್ಕಿ ತಂದ ಹಾಗಾಗುತ್ತೆ."

ದುಡ್ಡು ನನ್ನದಲ್ಲ, ಕಾರ್ಖಾನೆಯದು. ಆದರೆ ದುಬಾರಿ ಕಂಪನಿ ಬ್ಯಾಟರಿ ಬೇಕೆಂದರೆ ಮ್ಯಾನೇಜರ್ ಮುಂದೆ ಹೋಗಿ ನಿಲ್ಲಬೇಕು. ಅವರಿಗೆ ನಾವಿಟ್ಟಿದ್ದ ಹೆಸರು 'ನೋಡೋಣ'. ರಜೆ ಕೇಳಿದರೂ ನೋಡೋಣ, ಕೈಗವಸು ಹರಿದಿದೆ ಎಂದರೂ ನೋಡೋಣ. ಮೂಗಿನಲ್ಲಿ ಹುಟ್ಟಿ, ಗಂಟಲಲ್ಲಿ ಒಂದು ಸುತ್ತು ಉರುಳಿ, ಕೊನೆಯಲ್ಲಿ ಕಣ್ಣು ಮುಚ್ಚಿಕೊಳ್ಳುವ ನೋಡೋಣ. ಊಟದ ಹೊತ್ತಿನಲ್ಲಿ ನಾನದನ್ನು ಅವರದೇ ದನಿಯಲ್ಲಿ ಅಂದರೆ, ಬೆನ್ನು ತಿರುಗಿಸಿ ಕೂತವರು ತುತ್ತು ಬಿಟ್ಟು ಎದ್ದು ನಿಲ್ಲುತ್ತಿದ್ದರು. ಫಿಟ್ಟರ್ ದೊಡ್ಡಪ್ಪ ಮಾತ್ರ ಏಳುತ್ತಿರಲಿಲ್ಲ. ಎಲ್ಲರಿಗೂ ದೊಡ್ಡಪ್ಪನಾಗಿದ್ದ ಆ ಮುದುಕ, "ಇವನ ಹೊಟ್ಟೇಲಿ ಹತ್ತು ಜನ ಇದಾರೆ, ಅದಕ್ಕೇ ಎರಡು ಸಲ ಅನ್ನ ಹಾಕಿಸ್ಕೋತಾನೆ," ಎನ್ನುತ್ತಿದ್ದ.

ಮಿಂಚಿನ ಬ್ಯಾಟರಿ ಎರಡು ಕೊಂಡೆ.

ನಾನು ಸುರಕ್ಷಾ ವಿಭಾಗದ ಗುಮಾಸ್ತ. ನಮ್ಮಲ್ಲಿ ಮೊಬೈಲ್ ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಹಾಗಾಗಿ ಅಂಗೈಯಗಲದ ಆ ಕ್ಯಾಮೆರಾ ಹಿಡಿದು, ದಿನಾ ಬೆಳಿಗ್ಗೆ ಕ್ರೇನಿನ ಕೊಕ್ಕೆ, ಉಕ್ಕಿನ ಹಗ್ಗ, ಸರಪಳಿಗಳ ಫೋಟೋ ತೆಗೆಯುವುದು ನನ್ನ ಕೆಲಸ. ಫೋಟೋದ ಮೂಲೆಯಲ್ಲಿ ಹಳದಿ ಅಕ್ಷರದಲ್ಲಿ ದಿನಾಂಕ ಬೀಳುತ್ತದೆ. 'ಫೋಟೋ ತೆಗೆದಿದೆ, ದಿನಾಂಕ ಸರಿಯಿದೆ' ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಆ ಕ್ರೇನನ್ನು ನಡೆಸುತ್ತಿದ್ದವರು ಭಾವ. ಮೂರಾಳೆತ್ತರದಲ್ಲಿ, ಕಬ್ಬಿಣದ ಏಣಿ ಹತ್ತಿ ಹೋಗುವ ಗಾಜಿನ ಗೂಡಿನಲ್ಲಿ ಹತ್ತೊಂಬತ್ತು ವರ್ಷ.

ಹೊಸ ಬ್ಯಾಟರಿಗಳ ಗುಣ ವಾರದೊಳಗೆ ಗೊತ್ತಾಯಿತು. ಪರದೆಯ ಮೇಲೆ ಮೂರು ಗೆರೆ, ಮೂರು ಗೆರೆ, ಮೂರು ಗೆರೆ, ಆಮೇಲೆ ಗೊಟಕ್. ಕಾಯಿಲೆ ಬೀಳದೆ ನೇರವಾಗಿ ಸಾಯುವ ಜಾತಿ. ಕ್ಯಾಮೆರಾವನ್ನು ಡ್ರಾಯರಿನಲ್ಲಿಟ್ಟರೆ ಬ್ಯಾಟರಿ ರಾತ್ರಿಯೊಳಗೆ ಪೂರ್ತಿ ಇಳಿಯುತ್ತಿತ್ತು. ಅದರಿಂದಲೇ ಉಸಿರಾಡುತ್ತಿದ್ದ ಒಳಗಿನ ಗಡಿಯಾರವೂ ಜೊತೆಗೆ ನಿಲ್ಲುತ್ತಿತ್ತು. ಬೆಳಿಗ್ಗೆ ಇನ್ನೊಂದನ್ನು ಹಾಕಿದರೆ, ಕ್ಯಾಮೆರಾ ಕುಡಿದು ಮಲಗೆದ್ದವನಂತೆ ಇದು ಯಾವ ವರ್ಷ ಎಂದು ಕೇಳುತ್ತಿತ್ತು. ದಿನ, ತಿಂಗಳು, ವರ್ಷ, ಗಂಟೆ ಎಲ್ಲ ಹೊಂದಿಸಲು ಕೈಗವಸು ಕಳಚಿ ಸಣ್ಣ ಗುಂಡಿಯನ್ನು ಹತ್ತಾರು ಸಲ ಒತ್ತಬೇಕು. 'ಆಮೇಲೆ' ಎಂಬುದಕ್ಕೆ ಒಂದೇ ಒತ್ತು.

ಮೊದಲ ವಾರ ಹೊಂದಿಸಿದೆ. ಆಮೇಲೆ 'ಆಮೇಲೆ' ಒತ್ತತೊಡಗಿದೆ. "ನೋಡಿ ಭಾವ, ಕ್ಯಾಮೆರಾಕ್ಕೂ ನೋಡೋಣ ಅನ್ನೋದು ಬರುತ್ತೆ," ಎಂದು ತೋರಿಸಿದ್ದೆ. ಭಾವ ನಕ್ಕಿದ್ದರು. ಫೋಟೋದ ಮೂಲೆಯಲ್ಲಿ 01-01-2009 ಎಂದು ಬೀಳುತ್ತಿತ್ತು. ಕೆಳಗೆ ರಿಜಿಸ್ಟರಿನಲ್ಲಿ ದಿನಾಂಕ ಸರಿಯಿದೆ ಎಂದು ನಾನು ಸಹಿ ಹಾಕುತ್ತಿದ್ದೆ.

ಎಂಟು ತಿಂಗಳು ಕಳೆದವು. ಒಂದು ಬೆಳಿಗ್ಗೆ ಭಾವ ಏಣಿಯ ಬುಡದಿಂದ ಕೂಗಿದರು. ಕ್ರೇನಿನ ಹಗ್ಗದ ಒಂದು ಕಡೆ ತಂತಿಗಳು ತುಂಡಾಗಿ, ಬಾಚದ ತಲೆಗೂದಲಿನಂತೆ ಎದ್ದು ನಿಂತಿದ್ದವು. ಭಾವ ಉಗುರಿನಿಂದ ಒಂದೊಂದನ್ನೇ ಮುಟ್ಟಿ ಎಣಿಸಿದರು. ಹನ್ನೊಂದು. ಆರು ದಾಟಿದರೆ ಹಗ್ಗ ಬದಲಿಸಬೇಕೆಂದು ಗೋಡೆಯ ಮೇಲೆ ನಾವೇ ಬರೆಸಿದ್ದೆವು.

ನಾಲ್ಕು ಫೋಟೋ ತೆಗೆದೆ. ಅಷ್ಟರಲ್ಲಿ ಮ್ಯಾನೇಜರ್ ಬಂದು ಹಗ್ಗದ ಪಕ್ಕ ನಿಂತು ಕತ್ತೆತ್ತಿ ನೋಡಿದರು. ಐದನೆಯದಕ್ಕೆ ಅವರನ್ನೂ ಸೇರಿಸಿ ಗುಂಡಿ ಒತ್ತಿದೆ. ಮೂರು ಗೆರೆ ಇತ್ತು. ಗೊಟಕ್.

ಅಲ್ಲಿದ್ದದ್ದು ನಾವು ಮೂವರೇ.

"ನೋಡೋಣ," ಎಂದರು ಮ್ಯಾನೇಜರ್. "ಲಾರಿ ಕಾಯ್ತಾ ಇದೆ. ಇದೊಂದು ಲೋಡ್ ಇಳಿಸಿಬಿಡಿ. ಹಗ್ಗ ಸಾಯಂಕಾಲ ನೋಡೋಣ."

"ಸಾರ್, ಹನ್ನೊಂದು ಎಳೆ ಹೋಗಿದೆ."

"ಉಳಿದಿದ್ದು ನೂರಿದೆಯಲ್ರೀ."

ಭಾವ ನನ್ನ ಕಡೆ ನೋಡಿದರು. ನಾನು ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದೆ. ಅವರು ಏಣಿ ಹತ್ತಿದರು.

ಕಬ್ಬಿಣದ ತಗಡಿನ ಕಟ್ಟು ಅರ್ಧ ದಾರಿ ಬಂದಾಗ ಹಗ್ಗ ಹರಿಯಿತು. ಕಟ್ಟನ್ನು ಎಲ್ಲಿ ಇಳಿಸಬೇಕೆಂದು ಕೈ ತೋರಿಸಲು ಕೆಳಗೆ ನಿಂತಿದ್ದವನು ದೊಡ್ಡಪ್ಪ. ಕೇಳಿದ ಯಾವ ಸದ್ದನ್ನೂ ಬಿಟ್ಟವನಲ್ಲ ನಾನು. ಆ ಸದ್ದನ್ನು ಮಾತ್ರ ಇವತ್ತಿನವರೆಗೆ ಬಾಯಿಗೆ ತಂದಿಲ್ಲ.

ಮೂರು ವಾರದ ನಂತರ ವಿಚಾರಣೆ. ಹಗ್ಗ ಕೆಟ್ಟಿದ್ದನ್ನು ಯಾರಿಗೂ ತಿಳಿಸದೆ ಕ್ರೇನ್ ನಡೆಸಿದರು ಎಂಬುದು ಭಾವನ ಮೇಲಿನ ಆರೋಪ. ಹರಿದುಹೋದ ಹಗ್ಗದಲ್ಲಿ ಮೊದಲೇ ಎಷ್ಟು ಹರಿದಿತ್ತು ಎಂದು ಯಾರೂ ಹೇಳುವಂತಿರಲಿಲ್ಲ. ಉಳಿದಿದ್ದು ನನ್ನ ನಾಲ್ಕು ಫೋಟೋ. ಅಕ್ಕ ಆ ಬೆಳಿಗ್ಗೆ ನನ್ನ ಅಂಗಿಯ ಗುಂಡಿ ತಾನೇ ಹಾಕಿ, "ಅಲ್ಲಾದ್ರೂ ತಮಾಷೆ ಮಾಡಬೇಡ," ಎಂದಿದ್ದಳು.

ವಿಚಾರಣಾಧಿಕಾರಿ ನಿಧಾನ ಮಾತಿನ ಹೆಂಗಸು. ಫೋಟೋವನ್ನು ಬೆರಳಿನಿಂದ ನನ್ನ ಕಡೆ ಸರಿಸಿದರು.

"ಇದು ಯಾವತ್ತಿಂದು?"

"ಅಪಘಾತದ ದಿನ ಬೆಳಿಗ್ಗೆ, ಮೇಡಂ."

"ಇಲ್ಲಿ ಎರಡು ಸಾವಿರದ ಒಂಬತ್ತು ಅಂತಿದೆ."

"ಹಳೇ ಹಗ್ಗದ್ದು ಮೇಡಂ," ಎಂದರು ಮ್ಯಾನೇಜರ್. "ಅದನ್ನ ಬದಲಾಯಿಸಿ ಎಷ್ಟೋ ವರ್ಷ ಆಯ್ತು."

ನಾನು ಬ್ಯಾಟರಿಯ ಕಥೆ ಹೇಳಿದೆ. ಅಧಿಕಾರಿ ಉಳಿದ ಫೋಟೋಗಳನ್ನೂ ತರಿಸಿ ಒಂದೊಂದಾಗಿ ನೋಡಿದರು. ಎಲ್ಲದರ ಮೇಲೂ ಒಂದನೇ ಜನವರಿ. ಎಂಟು ತಿಂಗಳು ನಮ್ಮ ಕಾರ್ಖಾನೆಯಲ್ಲಿ ಬೆಳಗಾಗಿಯೇ ಇರಲಿಲ್ಲ. ಆಮೇಲೆ ರಿಜಿಸ್ಟರ್ ತೆರೆದರು.

"ಈ ಸಹಿ ನಿಮ್ಮದಾ?"

"ಹೌದು."

"ದಿನಾಂಕ ಸರಿಯಿದೆ ಅಂತ ದಿನಾ ಬರೆದಿದ್ದೀರಿ. ಅಂದ್ರೆ ಎಂಟು ತಿಂಗಳು ಸುಳ್ಳು ಬರೆದಿದ್ದೀರಿ."

"ಹೌದು ಮೇಡಂ."

"ಇವತ್ತು ಮಾತ್ರ ನಿಜ ಹೇಳ್ತಾ ಇದ್ದೀರಿ." ಅದು ಪ್ರಶ್ನೆಯಾಗಿರಲಿಲ್ಲ. "ಸರಿ, ಮ್ಯಾನೇಜರ್ ಏನಂದ್ರು ಅಂತೀರಿ?"

ಬೇಕೆಂದು ಮಾಡಿದ್ದಲ್ಲ. ಅದು ಮೂಗಿನಲ್ಲಿ ಹುಟ್ಟಿ, ಗಂಟಲಲ್ಲಿ ಉರುಳಿ, ಅವರದೇ ದನಿಯಲ್ಲಿ ಹೊರಗೆ ಬಂತು: "ನೋಡೋಣ. ಲಾರಿ ಕಾಯ್ತಾ ಇದೆ."

ಬರೆದುಕೊಳ್ಳುತ್ತಿದ್ದ ಇಬ್ಬರು ತಲೆ ತಗ್ಗಿಸಿ ನಕ್ಕರು. ಅಧಿಕಾರಿಯ ಪೆನ್ನು ನಿಂತಿತು. ಮ್ಯಾನೇಜರ್ ಸಿಟ್ಟಾಗಲಿಲ್ಲ. ಬೇಸರದಿಂದ ಎನ್ನುವ ಹಾಗೆ ಕೈ ಚೆಲ್ಲಿದರು.

"ನೋಡಿದ್ರಲ್ಲ ಮೇಡಂ. ಇವನ ಬಾಯಲ್ಲಿ ಯಾರು ಏನು ಬೇಕಾದ್ರೂ ಹೇಳ್ತಾರೆ."

ಬ್ಯಾಟರಿಯಲ್ಲಿ ನಿಲ್ಲದ ಚಾರ್ಜು ಭಾವನ ಮೇಲೆ ನಿಂತಿತು. ಕೆಲಸದಿಂದ ತೆಗೆದರು, ವಿಚಾರಣೆಯ ಕಾಗದ ಹಿಡಿದು ಪೊಲೀಸರು ದೊಡ್ಡಪ್ಪನ ಸಾವಿಗೆ ಕೇಸು ಹಾಕಿದರು. ನನಗೆ ಎಚ್ಚರಿಕೆಯ ಪತ್ರ ಬಂತು. ಅದರಲ್ಲಿ ದಿನಾಂಕ ಸರಿಯಾಗಿತ್ತು.

ಈಗ ಸಂಜೆ ಕೆಲಸ ಮುಗಿಸಿ ಅಕ್ಕನ ಮನೆಗೆ ಹೋಗುತ್ತೇನೆ. ದೊಡ್ಡಪ್ಪನ ಹೆಂಡತಿ ಅಕ್ಕನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾಳೆ. ಭಾವ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿರುತ್ತಾರೆ. ಅವರ ಎರಡೂ ಕೈ ಕುರ್ಚಿಯ ತೋಳಿನ ಮೇಲೆ ಕ್ರೇನಿನ ಸನ್ನೆಗೋಲು ಹಿಡಿದಂತೆ ಸಣ್ಣಗೆ ಹಿಂದೆ ಮುಂದೆ ಆಡುತ್ತಿರುತ್ತವೆ.

ಮೊನ್ನೆ ಕೇಳಿದರು: "ಲೋ, ಇಳಿಸು ಅಂತ ಅವರು ಹೇಳಿದ್ರು, ಅಲ್ವಾ?"

"ಹೇಳಿದ್ರು ಭಾವ."

"ಹೇಗೆ ಹೇಳಿದ್ರು? ಕಾಗದದಲ್ಲಿ ಬೇರೇನೇ ಇದೆ. ಓದಿ ಓದಿ ಅದೇ ನಿಜ ಅನ್ನಿಸೋಕೆ ಶುರುವಾಗಿದೆ. ಅವರ ದನೀಲಿ ಒಂದ್ಸಲ ಹೇಳು."

"ಆ ಆಟ ಬಿಟ್ಟಿದ್ದೀನಿ."

"ಆಟ ಯಾರು ಕೇಳಿದ್ರು?"

ಹೇಳಿದೆ. ಅಡುಗೆಮನೆಯಿಂದ ಅಕ್ಕ ಒದ್ದೆ ಕೈಯಲ್ಲೇ ಓಡಿಬಂದು ಹೊರಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ನನ್ನನ್ನು ನೋಡಿದಳು, ಒಳಗೆ ಹೋದಳು.

"ಇನ್ನೊಂದ್ಸಲ," ಎಂದರು ಭಾವ, ಕಣ್ಣು ಮುಚ್ಚಿ. "ನಾನೇನಂದೆ, ಅದನ್ನೂ ಸೇರಿಸು."

ಭಾವನ ದನಿ ನನಗೆ ಎಲ್ಲರದಕ್ಕಿಂತ ಚೆನ್ನಾಗಿ ಬರುತ್ತದೆ. ಮೊದಲು ಮ್ಯಾನೇಜರ್. ಆಮೇಲೆ ಭಾವ: "ಸಾರ್, ಹನ್ನೊಂದು ಎಳೆ ಹೋಗಿದೆ." ಆಮೇಲೆ ಮ್ಯಾನೇಜರ್: "ಉಳಿದಿದ್ದು ನೂರಿದೆಯಲ್ರೀ."

ಅಲ್ಲಿಗೆ ನಿಂತೆ. ಅಲ್ಲಿಂದ ಮುಂದೆ ನನ್ನ ಸರದಿ.

"ಮುಂದೆ?" ಎಂದರು ಭಾವ.

"ಮುಂದೆ ಯಾರೂ ಏನೂ ಹೇಳಲಿಲ್ಲ ಭಾವ. ನೀವು ಹತ್ತಿದ್ರಿ."