ಮೊದಲನೇ ಬ್ಯಾಡ

ನಾಗವ್ವ ಆ ಭಾನುವಾರ ಹಜಾರದಲ್ಲಿ ಬಟಾಣಿ ಸುಲಿಯುತ್ತ ಕೂತದ್ದೇ ಎಲ್ಲಕ್ಕೂ ಮೂಲ. ಒಳಗೆ ಹೋಗಿ ಮಲಗಿದ್ದರೆ ಟಿವಿ ಪರದೆಯ ಮೇಲೆ ಕ್ಯಾರಲ್ ಎಂಬ ಹೆಂಗಸು ಆಡಿದ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ. ಮುಂದಿನ ಒಂದು ವಾರ ಡ್ಯಾನ್‌ವಿಲ್‌ನ ಮಗನ ಮನೆಯಲ್ಲಿ ಪಾತ್ರೆಗಳು ಅಷ್ಟೊಂದು ಸದ್ದು ಮಾಡುತ್ತಲೂ ಇರಲಿಲ್ಲ.

ವಿಡಿಯೋ ಕರೆ ಹಚ್ಚಿದ್ದವನು ಮಗ ಗುರುಕಿರಣ. ಫೆಬ್ರವರಿಯಲ್ಲಿ ಮೂರು ದಿನ ಸಾಲಾಗಿ ರಜೆ ಸಿಗುವಾಗ ಹಿಮದ ಮೇಲೆ ಜಾರುವ ಸ್ನೋಮೊಬೈಲ್ ಗಾಡಿ ಓಡಿಸಿ ಬರೋಣವೆಂದು ಅವನೂ ಸ್ಯಾನ್ ಮಟಿಯೋದ ಗೆಳೆಯ ಸುಘೋಷನೂ ಪ್ಲಾನು ಹಾಕುತ್ತಿದ್ದರು. ಊರಿನ ಹೆಸರು ಹಾರ್ಲೋ ಮೆಡೋ. ಕಾರಿನಲ್ಲಿ ಅರ್ಧ ದಿನದ ದಾರಿ. ಒಂದು ಗ್ಯಾಸ್ ಸ್ಟೇಷನ್ನು, ಒಂದು ಚರ್ಚು, ಮಿಕ್ಕಿದ್ದೆಲ್ಲ ಪೈನ್ ಮರ. ಬಾಡಿಗೆಗೆ ಗಾಡಿ ಕೊಡುವ ಅಂಗಡಿ ಅಲ್ಲಿಲ್ಲ. ಊರವರೇ ಸೇರಿ ಕಟ್ಟಿಕೊಂಡ ಒಂದು ಕ್ಲಬ್ಬು ಇದೆ. ಕಾಡುದಾರಿಯ ಹಿಮವನ್ನು ಯಂತ್ರ ಬಿಟ್ಟು ಸಮ ಮಾಡುವವರು ಅವರೇ, ನಡುವೆ ಮೈ ಕಾಯಿಸಿಕೊಳ್ಳಲು ಮರದ ಗುಡಿಸಲು ಕಟ್ಟಿಟ್ಟವರೂ ಅವರೇ. ಚಳಿಗಾಲದಲ್ಲಿ ಒಮ್ಮೆ ಹೊರಗಿನವರನ್ನು ಕರೆದು, ತಮ್ಮ ಗಾಡಿಗಳನ್ನೇ ಕೈಗೆ ಕೊಟ್ಟು, ಮುಂದೊಬ್ಬರು ಹಿಂದೊಬ್ಬರು ಕಾವಲಿದ್ದು ಸುತ್ತಾಡಿಸುತ್ತಾರೆ. ಕ್ಯಾರಲ್ ಆ ಕ್ಲಬ್ಬಿನ ಯಜಮಾನಿ. ಬಿಳಿ ಜಡೆ, ದೊಡ್ಡ ಗಂಟಲು.

ಗೇರಿಲ್ಲ, ಕ್ಲಚ್ಚಿಲ್ಲ ಎಂದಳು ಕ್ಯಾರಲ್. ಬಲಗೈ ಹೆಬ್ಬೆರಳಿನಿಂದ ಒತ್ತಿದರೆ ಓಡುತ್ತದೆ, ಎಡಗೈಯಲ್ಲಿ ಬ್ರೇಕು ಹಿಡಿದರೆ ನಿಲ್ಲುತ್ತದೆ, ಅಷ್ಟೇ.

ನಾಗವ್ವನ ಕೈಯಲ್ಲಿದ್ದ ಬಟಾಣಿಕಾಯಿ ಕೈಯಲ್ಲೇ ಉಳಿಯಿತು. ಇದು ತನ್ನ ಲೂನಾ ಅಲ್ಲದೆ ಮತ್ತೇನು?

ಹುಬ್ಬಳ್ಳಿಯಲ್ಲಿ ಅವಳು ವಿಮಾ ಏಜೆಂಟ್ ಆಗಿದ್ದವಳು. ಸೆರಗು ಸಿಕ್ಕಿಸಿ, ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಿ ಹೊರಟಳೆಂದರೆ ಕೇಶ್ವಾಪುರದಿಂದ ಉಣಕಲ್‌ವರೆಗೆ ಅವಳು ತುಳಿಯದ ಹೊಸ್ತಿಲಿರಲಿಲ್ಲ. ಲೂನಾ ಹಳತಾಗಿ ಸ್ಕೂಟಿ ಬಂದರೂ ಅವಳ ಬಾಯಲ್ಲಿ ಅದೂ ಲೂನಾನೇ. ಒಂದು ಮಳೆಗಾಲ ಅದು ಜಾರಿ ಮೊಣಕೈ ತರಚಿದ್ದೇ ನೆಪವಾಗಿ, ಮಗ ಇಲ್ಲಿಂದ ಫೋನು ಮಾಡಿ, ‘ಸಾಕಿನ್ನ, ಮಾರಿಬಿಡವಾ’ ಎಂದ. ‘ಆತಪಾ’ ಎಂದಳು. ಯಾರಾದರೂ ಒಬ್ಬರು ಇನ್ನೊಮ್ಮೆ ಕೇಳಿಯಾರೆಂದು ಕಾದಳು. ಯಾರೂ ಕೇಳಲಿಲ್ಲ, ಗಾಡಿ ಹೋಯಿತು. ಅಲ್ಲಿಂದೀಚೆಗೆ ಅವಳ ಪಾಲಿಗೆ ಬಂದದ್ದು ಬರೀ ಹಿಂದಿನ ಸೀಟು. ಆಟೋದಲ್ಲೂ ಹಿಂದೆ, ಮಗನ ಕಾರಿನಲ್ಲೂ ಹಿಂದೆ. ಡ್ಯಾನ್‌ವಿಲ್‌ನಲ್ಲಂತೂ ಒಂದು ಕಟ್ಟು ಕೊತ್ತಂಬರಿ ಬೇಕೆಂದರೂ ಯಾರದೋ ಬಿಡುವು ಕಾಯಬೇಕು. ಮಾರ್ಚಿನಲ್ಲಿ ಅವಳೂ ಗಂಡ ಮಲ್ಲಪ್ಪನೂ ವಾಪಸ್ಸು ಹೊರಡುವವರು. ಅಷ್ಟರೊಳಗೆ ಒಮ್ಮೆ, ಒಂದೇ ಒಮ್ಮೆ, ಹ್ಯಾಂಡಲ್ಲು ತನ್ನ ಕೈಯಲ್ಲಿರಬೇಕು. ಬೇರೇನೂ ಬೇಡವಾಗಿತ್ತು ಅವಳಿಗೆ.

ಮರುದಿನ ಸೊಸೆ ದೀಪಾಲಿ ಪ್ಲೆಸೆಂಟನ್‌ನ ಆಫೀಸಿನಿಂದ ಬಂದವಳೇ, ಕೋಟೂ ಬಿಚ್ಚದೆ ಫೋನು ಹಿಡಿದುಕೊಂಡು ಕೇಳಿದಳು: “ಅತ್ತಿ, ನೀವೂ ಸ್ನೋಮೊಬೈಲು ಹೊಡೀತೀರೇನು? ಕ್ಲಬ್ಬಿನವ್ರಿಗೆ ಗಾಡಿ ಎಷ್ಟು ಬೇಕಂತ ಹೇಳಬೇಕು.”

ನಾಗವ್ವನ ಮನಸ್ಸು ಆಗಲೇ ಹ್ಯಾಂಡಲ್ಲು ಹಿಡಿದಿತ್ತು. ಬಾಯಿ ಮಾತ್ರ ತನ್ನ ಹಳೇ ಅಭ್ಯಾಸದಂತೆ ನಡೆದುಕೊಂಡಿತು. “ಅಯ್ಯ, ನನಗ್ಯಾಕ ಬೇಕವಾ ಅದೆಲ್ಲಾ ಈ ವಯಸ್ಸಿನ್ಯಾಗ? ನೀವು ಹೋಗಿಬರ್ರಿ.”

“ಓಕೆ ಅತ್ತಿ,” ಎಂದು ದೀಪಾಲಿ ಫೋನಿನ ಮೇಲೆ ಎರಡು ಸಲ ಬೆರಳಾಡಿಸಿ ಮೇಲೆ ಹೋದಳು.

ನಾಗವ್ವ ಅಲ್ಲೇ ನಿಂತಳು. ಓಕೆಯಂತೆ ಓಕೆ! ನಮ್ಮ ಕಡೆ ಮೊದಲನೇ ಸಲ ಕೇಳಿದಾಗ ಬೇಕು ಎನ್ನುವವರನ್ನು ಯಾರಾದರೂ ಕಂಡಿದ್ದೀರಾ? ಇನ್ನೊಂದು ಹೋಳಿಗೆ ಎಂದರೆ ಉಣ್ಣುವವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವಳು ಆ ಕೈ ಸರಿಸಿ ಬಡಿಸುತ್ತಾಳೆ. ಮೂರನೇ ಸಲಕ್ಕೂ ಬೇಡವೆಂದರೆ ಅದು ಬೇಡ. ಅಲ್ಲಿಯವರೆಗಿನದು ಬರೀ ಮರ್ಯಾದೆ. ನಾಗವ್ವನ ಕಸುಬು ನಡೆದದ್ದೇ ಇದರ ಮೇಲೆ. ‘ಪಾಲಿಸಿ ಬ್ಯಾಡ್ರಿ ಅಕ್ಕಾರ’ ಎಂದವರ ಮನೆಗೆ ಮೂರು ಸಲ ಹೋಗಿ ಮೂರನೇ ಸಲ ಚಹಾ ಕುಡಿದು ಸಹಿ ಹಾಕಿಸಿಕೊಂಡು ಬಂದವಳು. ಬ್ಯಾಡ ಎನ್ನುವುದರಲ್ಲಿ ಎಷ್ಟು ಬಗೆಯೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಹುಬ್ಬಳ್ಳಿಯಲ್ಲಿರಲಿಲ್ಲ. ಈಗ ಅವಳದೇ ಬ್ಯಾಡವನ್ನು ಸೊಸೆ ಇದ್ದದ್ದು ಇದ್ದ ಹಾಗೆ ಎತ್ತಿಕೊಂಡು ಹೋಗಿದ್ದಳು.

ದೀಪಾಲಿಯೇನು ಪದ್ಧತಿ ಗೊತ್ತಿಲ್ಲದವಳಲ್ಲ, ಧಾರವಾಡದ ಹುಡುಗಿ. ಆದರೆ ನವೆಂಬರಿನಲ್ಲಿ ತಿಮಿಂಗಿಲ ನೋಡಲೆಂದು ಹೊರಟಾಗ, ಬ್ಯಾಡ ಬ್ಯಾಡವೆಂದ ಅತ್ತೆಯನ್ನು ಅವಳೇ ಒತ್ತಾಯ ಮಾಡಿ ದೋಣಿ ಹತ್ತಿಸಿದ್ದಳು. ನಾಗವ್ವ ದಂಡೆ ಕಾಣುವ ತನಕ ವಾಂತಿ ಮಾಡಿದಳು. ಆ ಸಲದ್ದು ನಿಜವಾದ ಬ್ಯಾಡವಾಗಿತ್ತು. ಆಮೇಲೆ ಗುರುಕಿರಣ ಹೆಂಡತಿಗೆ, “ಬ್ಯಾಡ ಅಂದ್ರ ಬ್ಯಾಡ. ಇನ್ನೊಮ್ಮೆ ಒತ್ತಾಯ ಮಾಡಬ್ಯಾಡ ಅವ್ವಗ,” ಎಂದು ಕಟ್ಟುನಿಟ್ಟಾಗಿ ಹೇಳಿದ್ದ. ಅಂದಿನಿಂದ ಮನೆಗೆ ಅದೇ ಕಾನೂನು. ತಾನೇ ಮಾಡಿಸಿದ ಕಾನೂನಿನಲ್ಲಿ ನಾಗವ್ವ ತಾನೇ ಸಿಕ್ಕಿಬಿದ್ದಿದ್ದಳು.

ಆ ವಾರ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಕಟ್ಟೆಯನ್ನೇ ಒರೆಸಿದಳು. ಮನೆ ಹಿಂದಿನ ಕಾಲುದಾರಿಯಲ್ಲಿ ನಡೆಯಲು ಹೋದವಳು ಸೈಕಲ್ ಮೇಲೆ ಬಂದವರ ಕೈಗಳನ್ನೇ ನೋಡುತ್ತ ನಿಂತು ಅವರಿಂದ ಗಂಟೆ ಹೊಡೆಸಿಕೊಂಡಳು. ದೋಸೆ ಹುಯ್ಯುವಾಗ ಬಲಗೈ ಹೆಬ್ಬೆರಳು ಸೌಟಿನ ಹಿಡಿಕೆಯನ್ನು ತಂತಾನೇ ಒತ್ತುತ್ತಿತ್ತು. ಇಷ್ಟಕ್ಕೂ ಹೋಗಿ ‘ನಂಗೂ ಬೇಕು’ ಎಂದರಾಯಿತಲ್ಲ ಎಂದು ನೀವು ಕೇಳಬಹುದು. ನಾಗವ್ವ ಬದುಕಿನಲ್ಲಿ ಅಂಥ ಮಾತು ಆಡಿದವಳಲ್ಲ. ಬೇಕಾದದ್ದನ್ನು ಇನ್ನೊಬ್ಬರು ಕಂಡುಹಿಡಿದು ಕೊಡಬೇಕು, ತಾನು ಒಲ್ಲದ ಮನಸ್ಸಿನಿಂದ ಎಂಬಂತೆ ತೆಗೆದುಕೊಳ್ಳಬೇಕು. ಅವಳು ಕಲಿತದ್ದು ಅದು.

ಹಾಗಾಗಿ ಅವಳು ಸುಳಿವು ಕೊಡಲು ಶುರುಮಾಡಿದಳು. ಬುಧವಾರ ಮಗನಿಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತ, “ನನಗ ಈ ಥಂಡಿ ಏನೂ ಮಾಡೂದಿಲ್ಲ ನೋಡಪಾ,” ಎಂದಳು.

“ಛಲೋ ಆತಲ್ಲವಾ. ಅಲ್ಲಿ ನಾವು ಇಳಿಯೂ ಕ್ಯಾಬಿನ್‌ನಾಗ ಹೀಟರೂ ಐತಿ, ಅಪ್ಪನ ಜೋಡಿ ಬೆಚ್ಚಗ ಕೂತಬಿಡು.”

“ಆ ಹೆಲ್ಮೆಟ್ ಭಾಳ ಭಾರ ಇರ್ತೈತೇನು?”

“ಇರ್ತೈತಿ. ಅದಕ್ಕ ನೀ ಬ್ಯಾಡ ಅಂದಿದ್ದ ಛಲೋ ಆತು.”

ನಾಗವ್ವ ಅವನಿಗೆ ಮೂರನೇ ರೊಟ್ಟಿ ಹಾಕಲಿಲ್ಲ.

ಗಂಡನ ಹತ್ತಿರ ಹೇಳಿಕೊಳ್ಳೋಣವೆಂದರೆ ಮಲ್ಲಪ್ಪ ಸೀದಾ ಮನುಷ್ಯ. ಅವನನ್ನು ಕೇಳಿದಾಗ, “ಏ, ನನಗ ಬ್ಯಾಡಪಾ, ಬರ್ಫಿನ್ಯಾಗ ಬಿದ್ದು ಸಾಯಾಕ,” ಎಂದಿದ್ದ. ಅದು ಎಷ್ಟು ಸಲ ಕೇಳಿದರೂ ಬ್ಯಾಡವೇ. ಹೇಳಿದರೆ ‘ನೀನರ ಯಾಕ ಸಾಯ್ತಿ’ ಎನ್ನುತ್ತಾನೆಂದು ಅವನ ತಂಟೆಗೆ ಹೋಗಲಿಲ್ಲ.

ಸೊಸೆಯ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಹಿಂದೆಯೇ, ಅವಳದೇನು ತಪ್ಪು ಎಂದೂ ಅನಿಸುತ್ತಿತ್ತು. ಅದೇ ಹೆಚ್ಚು ಸಂಕಟ.

ಮುಂದಿನ ಭಾನುವಾರ ಕ್ಯಾರಲ್ ಜೊತೆ ಕೊನೆಯ ಕರೆ. ಎಷ್ಟು ಗಾಡಿ, ಯಾರು ಓಡಿಸುವವರು ಎಂದು ಅಂದೇ ಇತ್ಯರ್ಥವಾಗಬೇಕು. ಟಿವಿ ಪರದೆಯ ಒಂದು ಮೂಲೆಯಲ್ಲಿ ಸ್ಯಾನ್ ಮಟಿಯೋದಿಂದ ಸುಘೋಷ, ಅವನ ಹೆಂಡತಿ ಗಾರ್ಗಿ ಕೂತಿದ್ದರು. ಇಲ್ಲಿ ಸೋಫಾದಲ್ಲಿ ಗುರುಕಿರಣ, ದೀಪಾಲಿ, ಹತ್ತು ವರ್ಷದ ಮಗಳು ನಿಸರ್ಗಾ. ಆರಾಮ ಕುರ್ಚಿಯಲ್ಲಿ ಮಲ್ಲಪ್ಪ. ನಾಗವ್ವ ಅಡುಗೆಮನೆಯ ಬಾಗಿಲಲ್ಲಿ ಒಂದು ಸ್ಟೀಲಿನ ಡಬರಿಯನ್ನು ಒರೆಸುತ್ತ ನಿಂತಳು. ಅದು ಆಗಲೇ ಒಣಗಿತ್ತು.

ಗುರುಕಿರಣ ಎಲ್ಲರ ಪರವಾಗಿ ಹೇಳಲು ಹೊರಟ. ಕ್ಯಾರಲ್ ಕೈಯೆತ್ತಿ ತಡೆದಳು. ನಮ್ಮ ಕ್ಲಬ್ಬಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಂದ ಕೇಳುವುದಿಲ್ಲ, ಗಾಡಿ ಓಡಿಸುವವರು ತಮ್ಮ ಬಾಯಿಂದಲೇ ಹೇಳಬೇಕು ಎಂದಳು. ಗುರುಕಿರಣ ಯೆಸ್ ಎಂದ. ಸರದಿ ಸುಘೋಷನದು.

“ವಿ ವಿಲ್ ಟ್ರೈ,” ಎಂದ ಸುಘೋಷ ನಗುತ್ತ.

ಅದು ಯೆಸ್ಸೋ ನೋವೋ ಎಂದಳು ಕ್ಯಾರಲ್.

ಸುಘೋಷ ಮತ್ತೆ ನಕ್ಕ. ಅವನ ಪಕ್ಕದಲ್ಲಿ ಗಾರ್ಗಿ ಸಣ್ಣ ದನಿಯಲ್ಲಿ, “ಹೇಳ್ಬಿಡೋ, ಬರಲ್ಲ ಅಂತ. ಮಗೂದು ಕಾಂಪಿಟಿಶನ್ನು ಇದೆ ಅಂತ ಡಿಸೆಂಬರಿಂದ ಗೊತ್ತಲ್ವಾ,” ಎಂದದ್ದು ಎಲ್ಲರಿಗೂ ಕೇಳಿಸಿತು. ವಾಟ್ಸ್ಯಾಪಿನಲ್ಲಿ ತಿಂಗಳುಗಟ್ಟಲೆ ಹೆಬ್ಬೆರಳು ಎತ್ತಿ ತೋರಿಸಿದ ಗೃಹಸ್ಥ ಕಡೆಗೂ ನೋ ಎಂದ. ಗುರುಕಿರಣನ ಮುಖ ಸಪ್ಪಗಾಯಿತು.

ಹಾಗಾದರೆ ಒಂದು ಗಾಡಿ ಮಿಕ್ಕಿತು, ಇಬ್ಬರು ಕೂರುವಂಥದ್ದು, ಯಾರಿಗಾದರೂ ಬೇಕೇ ಎಂದು ಕೇಳಿದಳು ಕ್ಯಾರಲ್.

ನಾಗವ್ವನ ಕೈ ನಿಂತಿತು. ಇದು ಮೊದಲನೇ ಸಲ. ಎರಡನೇ ಸಲ ಕೇಳಲಿ. ಮೂರನೇ ಸಲ ಕೇಳಿದಾಗ ‘ಅಯ್ಯ, ಗಾಡಿ ಸುಮ್ಮನ ನಿಂದ್ರತೈತಲ್ಲ, ಅದಕ್ಕರ’ ಎಂದು ಮುಂದೆ ಹೋದರಾಯಿತು. ದೀಪಾಲಿ ಗಂಡನ ಮುಖ ನೋಡಿದಳು, ಗಂಡ ನೆಲ ನೋಡಿದ.

ಕ್ಯಾರಲ್ ಎರಡನೇ ಸಲ ಕೇಳಲಿಲ್ಲ. ಸರಿ, ಕಾಯುತ್ತಿರುವವರು ಬೇರೆ ಇದ್ದಾರೆ ಎಂದು ಪೆನ್ನು ಎತ್ತಿಕೊಂಡಳು.

“ವೇಟ್!”

ಕೂಗಿದ್ದು ಯಾರೆಂದು ಎಲ್ಲರೂ ತಿರುಗಿದರು. ನಾಗವ್ವನೂ ಒಂದು ಗಳಿಗೆ ಯಾರೆಂದುಕೊಂಡಳು. ಡಬರಿ ಹಿಡಿದುಕೊಂಡೇ ಟಿವಿ ಮುಂದೆ ಬಂದು ನಿಂತಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

“ಐ ವಾಂಟ್,” ಎಂದಳು. ಸಾಲದೆನಿಸಿ, “ಐ ವಾಂಟ್ ಟು ಡ್ರೈವ್,” ಎಂದಳು.

“ಬಟ್ ಅಜ್ಜಿ, ಯು ಸೆಡ್ ನೋ!” ಎಂದಳು ನಿಸರ್ಗಾ.

“ಅದು ಮೊದಲನೇ ಬ್ಯಾಡಾಗಿತ್ತವಾ,” ಎಂದಳು ನಾಗವ್ವ. “ಯಾರೂ ಎರಡನೇದು ಕೇಳಲೇ ಇಲ್ಲ.”

ದೀಪಾಲಿ ಬಾಯಿಗೆ ಕೈ ಅಡ್ಡ ಹಿಡಿದಳು. ಗುರುಕಿರಣ ಎದ್ದು, ಇವರು ನನ್ನ ತಾಯಿ, ವಯಸ್ಸಾಗಿದೆ ಎಂದು ಕ್ಯಾರಲ್‌ಗೆ ವಿವರಿಸತೊಡಗಿದ. ನಾನು ನಿನ್ನನ್ನು ಕೇಳಲಿಲ್ಲ ಮಗೂ, ನೀನು ಕೂತುಕೋ ಎಂದಳು ಕ್ಯಾರಲ್. ಅವಳಿಗೂ ಅರವತ್ತರ ಮೇಲೆ ಎಷ್ಟೋ ಆಗಿದ್ದಿರಬೇಕು. ಹಿಂದೆ ಏನಾದರೂ ಓಡಿಸಿದ್ದೀರಾ ಎಂದು ನಾಗವ್ವನನ್ನು ಕೇಳಿದಳು. ಎರಡು ಗಾಲಿಯ ಗಾಡಿ, ಗೇರಿಲ್ಲದ್ದು, ಹುಬ್ಬಳ್ಳಿಯಲ್ಲಿ ಎಂದಳು ನಾಗವ್ವ. ಎಮ್ಮೆಗಳು ಅಡ್ಡ ಬರುತ್ತಿದ್ದವು ಎಂದೂ ಸೇರಿಸಿದಳು. ಇಲ್ಲಿ ಎಮ್ಮೆ ಇಲ್ಲ, ಆಗಾಗ ಜಿಂಕೆ ಬರುತ್ತದೆ ಎಂದು ಕ್ಯಾರಲ್ ಹೆಸರು ಬರೆದುಕೊಂಡಳು. ಹಿಂದೆ ಯಾರು ಕೂರುತ್ತಾರೆ?

ನಾಗವ್ವ ಸೊಸೆಯ ಕಡೆ ತಿರುಗಿದಳು. “ದೀಪಾ, ನೀ ಬಾ.”

“ಅಯ್ಯ, ನಾ ಬ್ಯಾಡ್ರಿ ಅತ್ತಿ. ಮಾವಾರ ಒಬ್ಬರ ಆಗ್ತಾರ ಕ್ಯಾಬಿನ್ನಿನ್ಯಾಗ.”

“ನನಗೇನಾಗೇತಿ?” ಎಂದ ಮಲ್ಲಪ್ಪ.

ಆಗ ನಾಗವ್ವ ಸೊಸೆಯ ಮುಖವನ್ನು ತನ್ನ ಕಸುಬಿನ ಕಣ್ಣಿನಿಂದ ನೋಡಿದಳು. ಇದನ್ನೆಲ್ಲ ಹುಡುಕಿದವಳು, ಕ್ಲಬ್ಬಿಗೆ ಮೊದಲು ಫೋನು ಮಾಡಿದವಳು, ಎಲ್ಲರ ಕೈಗವಸಿನ ಅಳತೆ ಕೇಳಿದವಳು ಇದೇ ಹುಡುಗಿ. ಇವಳನ್ನು ನೀನು ಓಡಿಸುತ್ತೀಯಾ ಎಂದು ಮನೆಯಲ್ಲಿ ಒಬ್ಬರೂ ಒಂದು ಸಲವೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ. ವಾರವಿಡೀ ಇವಳ ಮೇಲಿನ ಸಿಟ್ಟಿಗೆ ಪಾತ್ರೆ ಕುಕ್ಕಿದ್ದು ನೆನಪಾಗಿ ನಾಗವ್ವನಿಗೆ ಕಸಿವಿಸಿಯಾಯಿತು.

“ಬಾ ಅಂದೆ.”

“ಮತ್ತ ಬುತ್ತಿ ಯಾರು ನೋಡ್ಕೋತಾರ? ನಿಸರ್ಗಾ ಬ್ಯಾರೆ...”

“ನಿಸರ್ಗಾ ಅವರಪ್ಪನ ಹಿಂದ ಕೂಡ್ತಾಳ. ಬುತ್ತಿಗೇನು ಕಾಲೈತಿ ಓಡಿಹೋಗಾಕ?”

ಪರದೆಯ ಮೇಲೆ ಕ್ಯಾರಲ್ ಕಾಯುತ್ತಿದ್ದಳು. ನಾಗವ್ವ ಡಬರಿಯನ್ನು ಮಗನ ಕೈಗೆ ಕೊಟ್ಟು, ಸೊಸೆಯ ಪಕ್ಕದಲ್ಲಿ ಕೂತು, ಹೋಳಿಗೆ ಬಡಿಸುವಾಗ ಸರಿಸುವಂತೆ, ಬೇಡವೆಂದು ಅಡ್ಡ ಹಿಡಿದ ಅವಳ ಕೈಯನ್ನು ಸರಿಸಿದಳು.

“ದೀಪಾ, ಇದು ಮೂರನೇ ಸಲ. ನಿನಗ ಬೇಕೋ ಬ್ಯಾಡೋ?”

ದೀಪಾಲಿಯ ಕಣ್ಣು ತುಂಬಿಬಂತು. ಒಂದು ಸಲ ಮೂಗೆಳೆದುಕೊಂಡಳು.

“ಹೋಗೂದು ನೀವು ಹೊಡೀರಿ ಅತ್ತಿ,” ಎಂದಳು. “ಬರೂದು ನಾ ಹೊಡೀತೀನಿ.”